ಪುಸ್ತಕಪ್ರೀತಿಯೂ ನಮ್ಮ ಹೆಣ್ಣುಮಕ್ಕಳೂ



ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯರು ಏನನ್ನು ಬರೆಯತಕ್ಕದ್ದು ಎಂಬುದಕ್ಕೆ ಒಂದು ವಾಡಿಕೆಯಿರುವುದು. ಪರೀಕ್ಷೆಯಲ್ಲಿ ಎಷ್ಟು ಮಂದಿ ತೇರ್ಗಡೆ ಹೊಂದಿದರು, ಆಟಪಾಟಗಳಲ್ಲಿ ಯಾವ ಬಹುಮಾನಗಳು ದೊರೆತವು, ಕಟ್ಟಡದ ನಿಧಿಗೆ ಯಾರು ಯಾರು ನೆರವಾದರು ಎಂಬುದನ್ನು ಹೇಳಿ, ಎಲ್ಲರಿಗೂ ಶುಭವನ್ನು ಕೋರಿ ಮುಗಿಸುವುದು ರೂಢಿ. ಅವೆಲ್ಲವೂ ಈ ಸಂಚಿಕೆಯ ವರದಿಯಲ್ಲಿ ಕ್ರಮವಾಗಿ ಅಚ್ಚಾಗಿರುವುದರಿಂದ ಇಲ್ಲಿ ಪುನಃ ಹೇಳಬೇಕಾದ ಅಗತ್ಯವಿಲ್ಲ. ಈ ಸಲ ನಾವು ಬೇರೊಂದು ಸಂಗತಿಯನ್ನು ತಮ್ಮ ಮುಂದಿಡಲು ಇಚ್ಛಿಸುವೆವು. ಅದು ಯಾವ ಪರೀಕ್ಷೆಯಲ್ಲಿಯೂ ಅಂಕ ತಾರದ, ಯಾವ ವರದಿಯಲ್ಲಿಯೂ ಲೆಕ್ಕಕ್ಕೆ ಬಾರದ ವಿಷಯ. ನಮ್ಮ ಹೆಣ್ಣುಮಕ್ಕಳು ತಮ್ಮ ಸಂತೋಷಕ್ಕಾಗಿ ಪುಸ್ತಕ ಓದುವರೋ ಇಲ್ಲವೋ, ಓದಿದ್ದನ್ನು ಯಾರೊಡನೆ ಹಂಚಿಕೊಳ್ಳುವರು ಎಂಬುದೇ ಆ ವಿಷಯ. ಇದರಲ್ಲಿ ನಮ್ಮದೇ ಒಂದು ತಪ್ಪಿನ ಕಥೆಯೂ ಸೇರಿರುವುದರಿಂದ ಅದನ್ನೇ ಮೊದಲು ಹೇಳಿಬಿಡುವುದು ಪ್ರಾಮಾಣಿಕವಾದೀತು.

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ನಾವು ಸಮಾಜ ವಿಜ್ಞಾನದ ಪಾಠ ಮಾಡುತ್ತಿದ್ದಾಗ, ಹಿಂದಿನ ಬೆಂಚಿನ ಬಾಲಿಕೆಯೊಬ್ಬಳು ತಲೆ ತಗ್ಗಿಸಿ ಕುಳಿತಿದ್ದುದು ಕಣ್ಣಿಗೆ ಬಿತ್ತು. ಸಮೀಪಕ್ಕೆ ಹೋಗಿ ನೋಡಲಾಗಿ, ಪಠ್ಯಪುಸ್ತಕದ ಒಳಗೆ ಬೇರೊಂದು ಪುಸ್ತಕ. ವರ್ತಮಾನಪತ್ರಿಕೆಯ ಹೊದಿಕೆ ಹಾಕಿದ ದಪ್ಪನಾದ ಒಂದು ಕಾದಂಬರಿ. ನಾವು ಅದನ್ನು ಕಸಿದುಕೊಂಡೆವು. ಎಲ್ಲರೆದುರು ಅವಳನ್ನು ಗದರಿಸಿದೆವು. ಪುಸ್ತಕವನ್ನು ನಮ್ಮ ಮೇಜಿನ ಸೆಳೆಖಾನೆಯಲ್ಲಿಟ್ಟು ಬೀಗ ಹಾಕಿ, ತಾಯಿಯನ್ನು ಕರೆದುಕೊಂಡು ಬಾ ಎಂದು ಆಜ್ಞಾಪಿಸಿದೆವು. ನಾವು ತರಬೇತಿ ಹೊಂದಿದ ಉಪಾಧ್ಯಾಯಿನಿಯರು. ನಮ್ಮ ಕರ್ತವ್ಯವನ್ನು ಮಾಡಿದೆವೆಂದೇ ಆಗ ನಾವು ಎಣಿಸಿದ್ದು.

ನಾಲ್ಕನೆಯ ದಿನ ತಾಯಿ ಬಂದಳು. ಅವಳು ಬೀಡಿ ಕಟ್ಟಿ ಸಂಸಾರ ಸಾಗಿಸುವವಳು. ಮಗಳ ತಪ್ಪನ್ನು ನಾವು ವಿವರಿಸಿದ್ದನ್ನೆಲ್ಲ ನಿಂತುಕೊಂಡೇ ಕೇಳಿ, ಕೊನೆಗೆ ಮೆಲ್ಲನೆ ಅಂದಳು: “ನೀವು ಬೈದದ್ದು ಸರಿಯೇ ಟೀಚರ್. ಪಾಠದ ಹೊತ್ತಿನಲ್ಲಿ ಅವಳು ಹಾಗೆ ಮಾಡಬಾರದಿತ್ತು. ಆದರೆ ಪುಸ್ತಕ ಅವಳದಲ್ಲ, ನೆರೆಮನೆಯ ಅಕ್ಕನದು. ಶನಿವಾರಕ್ಕೆ ಹಿಂದೆ ಕೊಡಬೇಕು. ಸಂಜೆ ನಾವು ನಾಲ್ಕೈದು ಮಂದಿ ಒಟ್ಟಿಗೆ ಕುಳಿತು ಬೀಡಿ ಕಟ್ಟುವಾಗ ಇವಳು ಓದಿ ಹೇಳುವುದು. ನಾಲ್ಕು ದಿನದಿಂದ ಕಥೆ ನಿಂತುಹೋಗಿದೆ. ಆ ನಾಗವೇಣಿ ಕಡೆಗೆ ಏನಾದಳು ಟೀಚರ್? ನಿಮಗೆ ಗೊತ್ತುಂಟಾ?”

ಆ ಪುಸ್ತಕವು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. ಅದು 1941ರಲ್ಲಿ ಪ್ರಕಟವಾಯಿತೆಂಬುದೂ, ನಮ್ಮ ಕರಾವಳಿಯ ಒಂದು ಕುಟುಂಬದ ಮೂರು ತಲೆಮಾರುಗಳ ಕಥೆಯೆಂಬುದೂ ನಮಗೆ ಬಾಯಿಪಾಠವಾಗಿ ತಿಳಿದಿತ್ತು. ಪರೀಕ್ಷೆಗೆ ಬರೆದು ಅಂಕಗಳನ್ನೂ ಪಡೆದಿದ್ದೆವು. ಆದರೆ ನಾಗವೇಣಿ ಕಡೆಗೆ ಏನಾದಳೆಂಬುದು ನಮಗೆ ಗೊತ್ತಿರಲಿಲ್ಲ. ಯಾಕಂದರೆ ನಾವು ಆ ಪುಸ್ತಕವನ್ನು ಓದಿಯೇ ಇರಲಿಲ್ಲ. ಮಡಿಲಲ್ಲಿ ಗೆರಸೆಯಿಟ್ಟುಕೊಂಡು ಎಲೆ ಸುತ್ತುವ ಆ ಹೆಂಗಸು ಕೇಳಿದ ಪ್ರಶ್ನೆಗೆ, ಪದವಿಯೂ ತರಬೇತಿಯೂ ಉಳ್ಳ ನಾವು ಉತ್ತರವಿಲ್ಲದೆ ಕುಳಿತೆವು. ಸೆಳೆಖಾನೆಯನ್ನು ತೆರೆದು ಪುಸ್ತಕವನ್ನು ಅವಳ ಕೈಯಲ್ಲಿಟ್ಟೆವು. ಅದೇ ವಾರ ಬೇರೊಂದು ಪ್ರತಿಯನ್ನು ಕೊಂಡು ತಂದು, ಮೂರು ರಾತ್ರಿಗಳಲ್ಲಿ ಓದಿ ಮುಗಿಸಿದೆವು. ಇಪ್ಪತ್ತು ವರ್ಷ ತಡವಾಗಿ ಓದಿದೆವಲ್ಲಾ ಎಂಬ ನಾಚಿಕೆಯೂ, ಈಗಲಾದರೂ ಓದಿದೆವೆಂಬ ಸಂತೋಷವೂ ಒಟ್ಟಿಗೆ ಆದವು.

ಈ ಘಟನೆಯ ತರುವಾಯ ನಾವು ಮಾಡಿದ ಮೊದಲನೆಯ ಕೆಲಸವೇನಂದರೆ, ಶಾಲೆಯ ಪುಸ್ತಕದ ಕಪಾಟುಗಳನ್ನು ತೆರೆದು ನೋಡಿದ್ದು. ಒಳ್ಳೆಯ ಗ್ರಂಥಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ಹಿಂದಿನ ಮುಖ್ಯೋಪಾಧ್ಯಾಯಿನಿಯರು ಆಸ್ಥೆಯಿಂದ ಕೂಡಿಹಾಕಿದ್ದರು. ಆದರೆ ಎಷ್ಟೋ ಪುಸ್ತಕಗಳ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಒಂದು ತಾರೀಕು ಸಹ ಬಿದ್ದಿರಲಿಲ್ಲ. ಬೀಗದ ಕೈ ಆಫೀಸಿನಲ್ಲಿ. ಪುಸ್ತಕ ಬೇಕಾದವಳು ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಹರಿದರೆ ದಂಡ ತೆರಬೇಕು. ಹೀಗಿರುವಾಗ ಯಾವ ಬಾಲಿಕೆ ಕೇಳಿಯಾಳು? ನಮ್ಮ ಊರಿನ ಹೆಸರೇ ಪಂಪ್‌ವೆಲ್. ಪಂಪು ಒಂದು, ಬಾವಿ ಒಂದು, ಎರಡೂ ಆ ಹೆಸರಿನಲ್ಲಿವೆ. ಬಾವಿಯಲ್ಲಿ ನೀರು ತುಂಬಿದ್ದರೂ ಎತ್ತುವ ಸಾಧನವಿಲ್ಲದಿದ್ದರೆ ಬಾಯಾರಿದವನಿಗೆ ಅದರಿಂದೇನು ಪ್ರಯೋಜನ? ನಮ್ಮ ಕಪಾಟುಗಳ ಸ್ಥಿತಿಯೂ ಅಂತೆಯೇ ಇತ್ತು.

ಇದನ್ನು ಬಲ್ಲವರು ಬಹಳ ಹಿಂದೆಯೇ ಹೇಳಿರುವರು. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಉಪಾಧ್ಯಾಯ ವೃತ್ತಿಯನ್ನು ಆರಂಭಿಸಿದ್ದು ನಮ್ಮ ಮಂಗಳೂರಿನಲ್ಲಿ ಎಂಬುದನ್ನು ಇಲ್ಲಿಯ ಅನೇಕರು ಅರಿಯರು. 1917ರಲ್ಲಿ ಅವರು ಇಲ್ಲಿಯ ಸರ್ಕಾರಿ ಕಾಲೇಜಿನಲ್ಲಿ ಗಣಿತ ಕಲಿಸಲು ನೇಮಕಗೊಂಡರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯಗಳಿಗೆ ಐದು ಸೂತ್ರಗಳನ್ನು ಬರೆದು ಪ್ರಕಟಿಸಿದರು. ಪುಸ್ತಕಗಳಿರುವುದು ಕಾಪಾಡುವುದಕ್ಕಲ್ಲ, ಉಪಯೋಗಿಸುವುದಕ್ಕೆ ಎಂಬುದೇ ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ. ಓದುವ ಪ್ರತಿಯೊಬ್ಬರಿಗೂ ತಕ್ಕ ಪುಸ್ತಕವೊಂದುಂಟು, ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗರುಂಟು ಎಂಬುದು ಎರಡನೆಯ ಮತ್ತು ಮೂರನೆಯ ಸೂತ್ರಗಳ ಸಾರ. ಆದರೆ ಆ ಓದುಗಳಿಗೂ ಆ ಪುಸ್ತಕಕ್ಕೂ ಭೇಟಿ ಮಾಡಿಸುವವರು ಯಾರು? ಕಪಾಟು ಮಾಡಿಸದು, ಪುಸ್ತಕಗಳ ಪಟ್ಟಿಯೂ ಮಾಡಿಸದು. ನಮ್ಮ ಅನುಭವದಲ್ಲಿ ಅದನ್ನು ಮಾಡಿಸುವವಳು, ಆ ಪುಸ್ತಕವನ್ನು ಓದಿ ಮೆಚ್ಚಿದ ಇನ್ನೊಬ್ಬ ಗೆಳತಿ. ಆ ನೆರೆಮನೆಯ ಅಕ್ಕನಿಲ್ಲದಿದ್ದರೆ ನಮ್ಮ ಬಾಲಿಕೆಯ ಕೈಗೆ ಕಾರಂತರು ಸಿಗುತ್ತಿದ್ದರೇ?

ಹೆಣ್ಣುಮಗಳಿಗೆ ಪುಸ್ತಕ ಸಿಗುವುದೂ ಸಿಗದಿರುವುದೂ ಸಣ್ಣ ಸಂಗತಿಯೆಂದು ಎಣಿಸಬಾರದು. ಇದಕ್ಕೆ ನಮ್ಮ ಸೀಮೆಯದೇ ನಿದರ್ಶನವಿದೆ. ಸಾರಾ ಅಬೂಬಕ್ಕರ್ ಅವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು; ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿದರು. ಮುಂದೆ ಕಲಿಯಬೇಕೆಂಬ ಆಸೆಯಿದ್ದರೂ ಅಂದಿನ ಸಮಾಜದ ಕಟ್ಟುಪಾಡುಗಳು ಅದಕ್ಕೆ ಎಡೆಗೊಡಲಿಲ್ಲ. ಗ್ರಂಥಾಲಯದ ಸದಸ್ಯತ್ವ ಸಹ ಅವರಿಗೆ ದೊರೆತದ್ದು 1963ರಲ್ಲಿ. ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ಪುಸ್ತಕದ ಬಾಗಿಲು ತೆರೆದ ಆ ಗೃಹಿಣಿಯು ಮುಂದೆ ‘ಚಂದ್ರಗಿರಿಯ ತೀರದಲ್ಲಿ’ ಎಂಬ ಕಾದಂಬರಿಯನ್ನು ಬರೆದು, 2023ರಲ್ಲಿ ನಮ್ಮ ಈ ಊರಿನಲ್ಲಿಯೇ ತೀರಿಕೊಳ್ಳುವ ಹೊತ್ತಿಗೆ ನಾಡೆಲ್ಲ ಬಲ್ಲ ಲೇಖಕಿಯಾಗಿದ್ದರು. ಮಲೆನಾಡಿನ ಎಂ. ಕೆ. ಇಂದಿರಾ ಅವರ ವಿದ್ಯಾಭ್ಯಾಸವಾದರೂ ಹನ್ನೆರಡನೆಯ ವಯಸ್ಸಿನಲ್ಲಿ ಮದುವೆಯೊಂದಿಗೆ ನಿಂತಿತು. ಅವರು ಕಾದಂಬರಿ ಬರೆಯತೊಡಗಿದ್ದು ನಲ್ವತ್ತೈದನೆಯ ವಯಸ್ಸಿನಲ್ಲಿ. ಶಾಲೆ ನಿಂತರೂ ಓದು ನಿಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ಇವರಿಬ್ಬರೇ ಸಾಕು. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳು, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದಾಗ ನಮ್ಮ ಬಾಲಿಕೆಯರೂ ಹಿಗ್ಗಿದರು. ಆದರೆ ಹಿಗ್ಗಿದವರಲ್ಲಿ ಒಂದು ಕಥೆಯನ್ನಾದರೂ ಓದಿದವರು ಎಷ್ಟು ಮಂದಿಯೆಂದು ಕೇಳಿದಾಗ ಕೈಗಳು ವಿರಳವಾಗಿಯೇ ಎದ್ದವು.

ನಮ್ಮ ಎಲ್ಲಾ ಮಕ್ಕಳೂ ಲೇಖಕಿಯರಾಗಬೇಕೆಂದು ನಾವು ಹೇಳುವುದಿಲ್ಲ. ನಮ್ಮ ಶಾಲೆಯಿಂದ ಹೊರಟವರು ದಾದಿಯರಾಗುವರು, ಗುಮಾಸ್ತೆಯರಾಗುವರು, ಅಂಗಡಿಗಳಲ್ಲಿ ದುಡಿಯುವರು, ಗಲ್ಫ್ ದೇಶಗಳಿಗೆ ಹೋಗುವರು, ಮನೆವಾರ್ತೆ ನಡಿಸುವರು. ಶಾಲೆಯಲ್ಲಿ ಕಲಿತ ಸೂತ್ರಗಳನ್ನೂ ಇಸವಿಗಳನ್ನೂ ಹತ್ತು ವರ್ಷಗಳಲ್ಲಿ ಮರೆಯುವರು. ಅದಕ್ಕೆ ನಾವು ಬೇಸರಪಡುವುದಿಲ್ಲ. ಆದರೆ ದುಃಖದ ದಿನವೊಂದು ಬಂದಾಗ, ಪರಸ್ಥಳದಲ್ಲಿ ಒಬ್ಬಳೇ ಇರಬೇಕಾಗಿ ಬಂದಾಗ, ರೋಗಿಯ ಮಗ್ಗುಲಲ್ಲಿ ರಾತ್ರಿ ಕಳೆಯಬೇಕಾದಾಗ ಕೈಗೊಂದು ಪುಸ್ತಕವನ್ನು ತೆಗೆದುಕೊಳ್ಳುವ ರೂಢಿಯನ್ನು ನಾವು ಕೊಟ್ಟಿಲ್ಲವಾದರೆ, ಹತ್ತು ವರ್ಷ ಅಕ್ಷರ ಕಲಿಸಿದ ನಮ್ಮ ಕೆಲಸವು ಅರ್ಧವೇ ಆಯಿತೆಂದು ತಿಳಿಯಬೇಕು.

ಆದಕಾರಣ ನಾವು ಕೆಲವು ಮಾರ್ಪಾಡುಗಳನ್ನು ಮಾಡಿದೆವು. ಕಪಾಟುಗಳ ಬೀಗ ತೆಗೆದೆವು. ಶನಿವಾರ ಶಾಲೆ ಬಿಡುವ ಮೊದಲು ಅರ್ಧ ಗಂಟೆಯನ್ನು ಓದಿನ ಮಾತಿಗೆಂದು ಮೀಸಲಿಟ್ಟೆವು. ಇಷ್ಟವುಳ್ಳವರು ಮುಂದೆ ಬಂದು ತಾವು ಓದಿದ ಪುಸ್ತಕದಲ್ಲಿ ಹಿಡಿಸಿದ್ದೊಂದನ್ನೂ ಹಿಡಿಸದ್ದೊಂದನ್ನೂ ಹೇಳುವರು. ಇದಕ್ಕೆ ಅಂಕಗಳಿಲ್ಲ, ಬಹುಮಾನವಿಲ್ಲ. ಕಥೆಯ ನೀತಿಯೇನೆಂದು ಉಪಾಧ್ಯಾಯಿನಿಯರು ಕೇಳಕೂಡದು. ಮನಸ್ಸಿಗೆ ಬಾರದ ಪುಸ್ತಕವನ್ನು ಅರ್ಧದಲ್ಲಿಯೇ ಬಿಡುವ ಅಧಿಕಾರ ಎಲ್ಲರಿಗೂ ಉಂಟು. ಕಪಾಟಿನ ಪಕ್ಕದಲ್ಲಿ ದಾರ ಕಟ್ಟಿ ತೂಗಹಾಕಿದ ಒಂದು ನೋಟುಪುಸ್ತಕವಿದೆ. ಓದಿ ಹಿಂದೆ ತಂದವಳು ಮುಂದೆ ಓದುವವಳಿಗಾಗಿ ಅದರಲ್ಲಿ ಎರಡು ಸಾಲು ಬರೆಯಬೇಕು, ಆದರೆ ಕೊನೆಯನ್ನು ಮಾತ್ರ ಹೇಳಬಾರದು.

ಮೊದಲ ಕೆಲವು ವಾರ ಯಾರೂ ಬಾಯಿ ಬಿಡಲಿಲ್ಲವೆಂಬುದನ್ನು ಒಪ್ಪಿಕೊಳ್ಳುವೆವು. ಆಗ ಉಪಾಧ್ಯಾಯಿನಿಯರೇ ಮೊದಲು ಮಾತಾಡಬೇಕಾಯಿತು. ನಾವು ‘ಮರಳಿ ಮಣ್ಣಿಗೆ’ಯ ಕಥೆಯನ್ನೂ, ಅದನ್ನು ನಾವು ಓದಿರದೆ ತಬ್ಬಿಬ್ಬಾದ ಕಥೆಯನ್ನೂ ಹೇಳಿದೆವು. ಮಕ್ಕಳು ನಕ್ಕರು, ಆ ನಗುವಿನಿಂದಲೇ ಸಂಕೋಚವು ಕರಗಿತು. ಕಥೆಗಳೆಂದರೆ ಮೂಗು ಮುರಿಯುತ್ತಿದ್ದ ವಿಜ್ಞಾನಪ್ರಿಯಳಾದ ಒಬ್ಬಳು, ನೋಟುಪುಸ್ತಕದಲ್ಲಿ ಗೆಳತಿಯೊಬ್ಬಳು ಜೇನಿನ ವಿಷಯವಿದೆಯೆಂದು ಬರೆದುದನ್ನು ನೋಡಿ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಕೊಂಡೊಯ್ದಳು; ಹಾರುವ ಓತಿಯನ್ನು ಹುಡುಕಿ ಹೊರಟವರ ಆ ಕಥೆ ಅವಳ ತಂದೆಯ ಕೈಗೂ ಹೋಗಿ ಒಂದು ತಿಂಗಳು ಶಾಲೆಗೆ ಹಿಂದಿರುಗಲಿಲ್ಲ. ತಡವಾಯಿತೆಂದು ಅವಳು ಹೆದರುತ್ತ ತಂದಾಗ ನಾವು ದಂಡ ಕೇಳಲಿಲ್ಲ. ತಂದೆಗೆ ಯಾವ ಭಾಗ ಹಿಡಿಸಿತೆಂದು ಕೇಳಿದೆವು.

ಇನ್ನು ಆಕ್ಷೇಪಣೆಗಳ ವಿಷಯ. ಹೆತ್ತವರು ನಮ್ಮಲ್ಲಿ ಆಡಿದ ಮಾತುಗಳಿಗೆ ಇಲ್ಲಿಯೇ ಉತ್ತರ ಹೇಳುವುದು ಒಳ್ಳೆಯದು.

ಒಂದನೆಯದು: ಕಥೆಪುಸ್ತಕಗಳನ್ನು ಓದಿದರೆ ಅಂಕಗಳು ಕಡಿಮೆಯಾಗುವವು ಎಂಬುದು. ಪಾಠದ ಹೊತ್ತಿನಲ್ಲಿ ಕಾದಂಬರಿ ಓದುವುದು ತಪ್ಪೇ. ಅದನ್ನು ಆ ತಾಯಿಯೂ ಒಪ್ಪಿದಳು. ಆದರೆ ಓದುವ ರೂಢಿಯಿದ್ದವಳು ಯಾವ ವಿಷಯದ ಪ್ರಶ್ನೆಪತ್ರಿಕೆಯನ್ನಾದರೂ ಬೇಗನೆ ಅರ್ಥಮಾಡಿಕೊಳ್ಳುವಳೆಂಬುದು ನಾವು ವರ್ಷ ವರ್ಷವೂ ತರಗತಿಯಲ್ಲಿ ಕಾಣುವ ಸಂಗತಿ.

ಎರಡನೆಯದು: ಕೆಟ್ಟ ಪುಸ್ತಕಗಳಿಂದ ಹೆಣ್ಣುಮಕ್ಕಳು ಕೆಡುವರು ಎಂಬುದು. ಈ ಭಯವು ಹೊಸದಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಇಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ವಿಧವೆಯೊಬ್ಬಳು ವಿದ್ಯೆ ಪಡೆದು ಪುನಃ ಮದುವೆಯಾಗುವ ಆ ಕಥೆಯು ಅಂದಿನ ಎಷ್ಟೋ ಹಿರಿಯರಿಗೆ ಸಹಿಸಲಾರದ್ದು. ಇಂದು ಅದನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಗೌರವದಿಂದ ಸ್ಮರಿಸುವೆವು. ಮಗಳ ವಯಸ್ಸಿಗೆ ತಕ್ಕದ್ದಲ್ಲದ ಪುಸ್ತಕಗಳೂ ಇರುವವು, ನಿಜ. ಆದರೆ ಬೇಡವೆನ್ನುವ ಮುಂಚೆ ತಾವು ಅದನ್ನು ಓದಿ ನೋಡಿರಿ. ಓದದೆ ನಿಷೇಧಿಸುವ ಅಧಿಕಾರವು ತಾಯಿಗೂ ಇಲ್ಲ, ಉಪಾಧ್ಯಾಯಿನಿಗೂ ಇಲ್ಲ. ಇದನ್ನು ನಾವು ಪೆಟ್ಟು ತಿಂದು ಕಲಿತವರು.

ಮೂರನೆಯದು: ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಪಾಠ ಕೇಳುವ ಮಕ್ಕಳಿಗೆ ದೊಡ್ಡ ಕನ್ನಡ ಪುಸ್ತಕಗಳು ಕಷ್ಟವೆಂಬುದು. ಇದು ಸತ್ಯ. ಅಂಥವಳು ಇಂಗ್ಲಿಷ್ ಪುಸ್ತಕವನ್ನೇ ಮೊದಲು ಓದಲಿ. ಓದಿನ ರುಚಿ ಯಾವ ಭಾಷೆಯಿಂದ ಹತ್ತಿದರೂ ಒಳ್ಳೆಯದೇ. ಆದರೆ ಗಟ್ಟಿಯಾಗಿ ಓದಿ ಕೇಳಿಸಿದರೆ ಕಷ್ಟದ ಮಾತೂ ಸುಲಭವಾಗುವುದೆಂಬುದನ್ನು ಮರೆಯಬಾರದು. ಬೀಡಿ ಕಟ್ಟುವ ಆ ನಾಲ್ಕೈದು ಮಂದಿಯ ಮನೆಮಾತು ತುಳು. ಕಾರಂತರ ಕನ್ನಡ ಅವರಿಗೆ ಕಷ್ಟವಾಗಲಿಲ್ಲ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಉಪಾಧ್ಯಾಯರೂ ಶಾಲಾ ತನಿಖಾಧಿಕಾರಿಗಳೂ ಆಗಿದ್ದುಕೊಂಡು ಮಕ್ಕಳ ಪದ್ಯಗಳನ್ನೂ ಕಥೆಗಳನ್ನೂ ಬರೆದರು. ಅವರ ಹಾಡುಗಳನ್ನು ನಮ್ಮ ಅಜ್ಜಿಯಂದಿರು ಓದಿ ಕಲಿತದ್ದಕ್ಕಿಂತ ಕೇಳಿ ಕಲಿತದ್ದೇ ಹೆಚ್ಚು.

ನಾಲ್ಕನೆಯದು: ಮೊಬೈಲು ಇರುವಾಗ ಪುಸ್ತಕವನ್ನು ಯಾರು ಮುಟ್ಟುವರು ಎಂಬುದು. ನಾವು ಮೊಬೈಲನ್ನು ಬೈಯುವುದಿಲ್ಲ. ಅದರಲ್ಲಿಯೂ ಓದಲು ಬರುವುದು. ಆದರೆ ತಾಯಿತಂದೆಗಳು ರಾತ್ರಿಯೆಲ್ಲ ಅದರೊಳಗೆ ಮುಳುಗಿದ್ದು ಮಗಳಿಗೆ ಮಾತ್ರ ಪುಸ್ತಕ ಓದೆಂದರೆ ಅವಳು ಯಾಕೆ ಕೇಳಿಯಾಳು? ತಾಯಿ ಓದುವುದನ್ನು ಕಂಡ ಮಗುವಿಗೆ ಓದೆಂದು ಹೇಳಬೇಕಾಗಿಲ್ಲ.

ಪುಸ್ತಕಗಳು ಹರಿಯುವುದಿಲ್ಲವೇ, ಕಳೆದುಹೋಗುವುದಿಲ್ಲವೇ ಎಂದು ನಮ್ಮ ಆಡಳಿತ ಮಂಡಲಿಯ ಹಿರಿಯರು ಕೇಳಿದ್ದೂ ಉಂಟು. ಹರಿದಿವೆ, ಕೆಲವು ಹಿಂದೆ ಬಂದೂ ಇಲ್ಲ. ಗೆದ್ದಲಿಗೂ ಮಳೆಗಾಲದ ಬೂಷ್ಟಿಗೂ ಹೋದ ಪುಸ್ತಕಗಳಿಗಿಂತ ಓದುವವರ ಕೈಯಲ್ಲಿ ಸವೆದ ಪುಸ್ತಕಗಳೇ ನಮಗೆ ಮೇಲೆನಿಸಿದವು.

ಈಗ ತಮ್ಮಲ್ಲಿ ನಮ್ಮ ವಿಜ್ಞಾಪನೆ. ಹೆತ್ತವರೇ, ದಿವಸಕ್ಕೆ ಕಾಲು ಗಂಟೆ ಮನೆಯಲ್ಲಿ ಒಬ್ಬರು ಓದಲಿ, ಉಳಿದವರು ಕೇಳಲಿ. ಕೊಳ್ಳಲು ಹಣವಿಲ್ಲವೆಂದು ಹಿಂಜರಿಯಬೇಡಿರಿ. ದಕ್ಷಿಣ ಕನ್ನಡವು ಮದ್ರಾಸು ಪ್ರಾಂತಕ್ಕೆ ಸೇರಿದ್ದಾಗಲೇ 1948ರಲ್ಲಿ ಅಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಾಯಿತು. ನಮ್ಮ ರಾಜ್ಯದ ಕಾಯಿದೆ 1965ರದು. ತಾವು ಕಟ್ಟುವ ಮನೆತೆರಿಗೆಯೊಂದಿಗೆ ಗ್ರಂಥಾಲಯದ ಕರವೂ ಸೇರಿರುವುದು. ಆಗಲೇ ಹಣ ತೆತ್ತ ಪುಸ್ತಕಗಳನ್ನು ಓದದೆ ಬಿಡುವುದು ಜಾಣತನವಲ್ಲ. ಮಗಳ ಕೈಹಿಡಿದು ನಗರದ ಗ್ರಂಥಾಲಯಕ್ಕೆ ಒಂದು ಸಲ ಹೋಗಿರಿ. ಸದಸ್ಯತ್ವದ ಚೀಟಿಯನ್ನು ಅವಳ ಹೆಸರಿನಲ್ಲಿಯೇ ಮಾಡಿಸಿರಿ. ಆ ಚೀಟಿಗಾಗಿ ಸಾರಾ ಅಬೂಬಕ್ಕರ್ ಅವರು 1963ರವರೆಗೆ ಕಾಯಬೇಕಾಯಿತೆಂಬುದನ್ನು ಅವಳಿಗೆ ಹೇಳಿರಿ.

ಹಳೆ ವಿದ್ಯಾರ್ಥಿನಿಯರೇ, ಶಾಲೆಗೆ ಏನನ್ನಾದರೂ ಕೊಡಬೇಕೆಂದು ತಮ್ಮಲ್ಲಿ ಅನೇಕರು ಕೇಳುವುದುಂಟು. ಹಳೆಯ ಪಠ್ಯಪುಸ್ತಕಗಳೂ ಗೈಡುಗಳೂ ನಮಗೆ ಬೇಡ. ತಾವು ನಿಜವಾಗಿ ಮೆಚ್ಚಿದ ಒಂದೇ ಒಂದು ಪುಸ್ತಕವನ್ನು, ಯಾವ ಭಾಷೆಯದಾದರೂ ಸರಿ, ತಂದುಕೊಡಿರಿ. ಮೊದಲ ಪುಟದಲ್ಲಿ ತಮ್ಮ ಹೆಸರು, ಶಾಲೆ ಬಿಟ್ಟ ವರ್ಷ, ಆ ಪುಸ್ತಕ ತಮಗೆ ಯಾಕೆ ಇಷ್ಟವೆಂಬುದು, ಇಷ್ಟನ್ನು ಬರೆಯಿರಿ. ಸಾಧ್ಯವಾದರೆ ಒಂದು ಶನಿವಾರ ತಾವೇ ಬಂದು ಅದರ ವಿಷಯ ಮಾತಾಡಿರಿ. ಪಂಪ್‌ವೆಲ್‌ನಲ್ಲಿ ಎರಡು ಹೆದ್ದಾರಿಗಳು ಕೂಡುವವು. 2020ರಲ್ಲಿ ಮೇಲ್ಸೇತುವೆಯೂ ಆಗಿರುವುದರಿಂದ ಹಲವರು ಈಗ ನಮ್ಮ ತಲೆಯ ಮೇಲಿನಿಂದಲೇ ದಾಟಿಹೋಗುವರು. ದಾಟಿಹೋಗದೆ ಕೆಳಗಿಳಿದು ಬರಬೇಕೆಂದು ನಮ್ಮ ಪ್ರಾರ್ಥನೆ.

ಕೊನೆಗೆ ಒಂದು ಮಾತು. ಕಾದಂಬರಿ ಕಸಿಯಲ್ಪಟ್ಟ ಆ ಬಾಲಿಕೆ ಹತ್ತನೆಯ ತರಗತಿಯಲ್ಲಿ ತೇರ್ಗಡೆ ಹೊಂದಿ, ದಾದಿಯ ಶಿಕ್ಷಣಕ್ಕೆ ಸೇರಿರುವಳು. ಕಳೆದ ಜೂನ್ ತಿಂಗಳಲ್ಲಿ ತಂಗಿಯನ್ನು ಶಾಲೆಗೆ ಸೇರಿಸಲು ತಾಯಿಯೊಡನೆ ಬಂದಿದ್ದಳು. ಹೋಗುವಾಗ ತಾಯಿ ಬಾಗಿಲಲ್ಲಿ ನಿಂತು, “ಇನ್ನು ಓದುವವಳು ಈ ಸಣ್ಣವಳು ಟೀಚರ್. ಸಂಜೆಗೆ ಒಂದು ಒಳ್ಳೆಯ ಪುಸ್ತಕ ಕೊಟ್ಟು ಕಳಿಸುತ್ತೀರಾ?” ಎಂದು ಕೇಳಿದಳು. ಈ ಸಲ ನಾವು ಉತ್ತರವಿಲ್ಲದೆ ಕುಳಿತಿರಲಿಲ್ಲ. ಯಾವ ಪುಸ್ತಕ ಕೊಡಬೇಕೆಂದು ನಮಗೆ ಗೊತ್ತಿತ್ತು. ಅದನ್ನು ನಾವು ಓದಿದ್ದೆವು.

— ಮುಖ್ಯೋಪಾಧ್ಯಾಯಿನಿ